ಸಾವಿಲ್ಲದವಳು ಎಂಬ ಹೆಸರು

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ರಾಹುಕಾಲ ಶುರುವಾಯಿತು. ನನ್ನ ತಮ್ಮನ ಮಗಳು ಉಸಿರಿಗೆ ಒದ್ದಾಡತೊಡಗಿದ್ದೂ ಆಗಲೇ. ಯಲ್ದೂರಿನ ನಮ್ಮ ಮನೆಯಲ್ಲಿ ಅಂದು ನಾಮಕರಣ. ಹನ್ನೆರಡು ಗಂಟೆಯವರೆಗೆ ಹೆಸರಿಡುವಂತಿಲ್ಲ, ಹೆಸರಿಡದೆ ಕೂಸನ್ನು ಹೊಸಿಲು ದಾಟಿಸುವಂತಿಲ್ಲ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು.

ಆಮೇಲೆ ತಾವು ಆರಿಸಿದ ಸಂಸ್ಕೃತ ಹೆಸರಿನ ವೈಭವ ಬಣ್ಣಿಸಲು ಕೂತರು. ಸಾವಿಲ್ಲದವಳು ಎಂದರ್ಥವಂತೆ, ದೇವತೆಗಳು ಸಮುದ್ರ ಕಡೆದ ಕಾಲದ್ದಂತೆ.

"ನಮ್ಮ ಅಜ್ಜಿಗಳ ಹೆಸ್ರು ಎಮ್ಮೆ ಕರ್ದಂಗಿರ್ತಿತ್ತು ಕಣಮ್ಮ. ಇದು ನೋಡು."

"ದೊಡ್ಡಪ್ಪ, ಮಗು ತುಟಿ ನೋಡಿ, ನೀಲಿಯಾಗ್ತಿದೆ."

"ಕಾಲೇಜೇನೋ ಓದಿದೆ, ತಾಳ್ಮೆ ಕಲೀಲಿಲ್ಲ ನೀನು."

ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ನಾನೇ. ಕೂಸನ್ನೆತ್ತಿಕೊಂಡು ಅದರ ಕಿವಿಯಲ್ಲಿ "ಬುಜ್ಜಿ" ಎಂದೆ. "ಹೆಸರಿಟ್ಟಾಯ್ತು, ಆಟೋ ಕರೀರಿ."

"ರಾಹುಕಾಲದಲ್ಲೇನೇ? ಅದೂ ತೆಲುಗಲ್ಲಿ?" ದೊಡ್ಡಪ್ಪ ಹಣೆ ಚಚ್ಚಿಕೊಂಡರು. ತಮ್ಮ ಆಗಲೇ ರಸ್ತೆಗೆ ಓಡಿದ್ದ.

ಕೋಲಾರದ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದು ಆಮ್ಲಜನಕ ಕೊಟ್ಟರು. ಮರುದಿನ ದೊಡ್ಡಪ್ಪ ಬಂದು, ಕೂಸು ಉಳಿದದ್ದು ಹೆಸರಿನ ಬಲದಿಂದ ಎಂದು ನರ್ಸಿಗೆ ವಿವರಿಸಿದರು. ಇನ್ನೂ ಇಡದಿದ್ದ ಹೆಸರಿನ ಬಲದಿಂದ. ಆಕೆ ಪಾಪ, ಅರ್ಥವನ್ನೂ ಕೇಳಿಸಿಕೊಳ್ಳಬೇಕಾಯಿತು.

ಮನೆಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ನನಗೆ ಆ ನೀಲಿ ತುಟಿಯೇ ಕಾಣುತ್ತಿತ್ತು. ನಾನೂ ತಮ್ಮನ ಹೆಂಡತಿಯೂ ರಾತ್ರಿಯೆಲ್ಲ ಸರದಿಯಲ್ಲಿ ಎದ್ದು ಕೂಸಿನ ಉಸಿರು ನೋಡುತ್ತಿದ್ದೆವು. ತೋಟದ ಮಾವು ಕೊಯ್ದು ಮುಗಿದ ಭಾನುವಾರ ರಾತ್ರಿ, ಕೂಸೂ ಸೇರಿ ಮೂವರೂ ಒಂದೇ ಚಾಪೆಯಲ್ಲಿ, ನಡುವೆ ಏಳದೆ ಬೆಳಗಾಗುವವರೆಗೆ ಮಲಗಿದೆವು.