ಭಾವಮೈದನ ತಳ್ಳುಗಾಡಿ

ನನ್ನ ಭಾವಮೈದ ಕೂತಿದ್ದನ್ನು ಕಂಡವರು ಕಡಿಮೆ. ಊಟಕ್ಕೆ ಕೂತರೂ ಒಂದು ಕಾಲು ಏಳುವ ತಯಾರಿಯಲ್ಲೇ ಇರುತ್ತದೆ. ಅವನ ಮದುವೆಯ ಫೋಟೋದಲ್ಲಿ ಎಲ್ಲರ ಮುಖವೂ ಸ್ಪಷ್ಟವಾಗಿದೆ, ಮದುಮಗನದು ಮಾತ್ರ ಕಲಸಿಹೋಗಿದೆ. ಇಂಥವನಿಗೆ ದೇಶದ ಅತಿ ದೊಡ್ಡ ನ್ಯಾಯಾಲಯದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದಾಗ ನಾವೆಲ್ಲ ಅಲ್ಲಿಯ ಕುರ್ಚಿಯ ಬಗ್ಗೆ ಮರುಕಪಟ್ಟಿದ್ದೆವು. ಕುರ್ಚಿಗೆ ಏನೂ ಆಗಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೂ ಅದರ ಮೆತ್ತೆ ಅಂಗಡಿಯಿಂದ ತಂದ ಹಾಗೇ ಇದೆ.

ಅವನದು ತಳ್ಳುಗಾಡಿಯ ಕೆಲಸ. ಮರುದಿನ ಯಾವ ಮೇಲ್ಮನವಿಗೆ ಯಾವ ಹಳೆಯ ತೀರ್ಪಿನ ಪುಸ್ತಕ ಬೇಕೆಂದು ನ್ಯಾಯಮೂರ್ತಿಗಳ ಕೊಠಡಿಗಳಿಂದ ಸಂಜೆ ಚೀಟಿ ಬರುತ್ತದೆ. ಇವನು ಕೆಳಮಹಡಿಯ ಕಪಾಟುಗಳಿಂದ ಅವನ್ನು ಹೆಕ್ಕಿ, ಪುಟಕ್ಕೆ ಕಾಗದದ ಪಟ್ಟಿ ಇಟ್ಟು, ಗಾಡಿಯಲ್ಲಿ ಜೋಡಿಸಿ ಬೆಳಿಗ್ಗೆ ವಿಚಾರಣೆಯ ಹಾಲ್‌ಗಳಿಗೆ ಮುಟ್ಟಿಸಬೇಕು. ಹೊಸ ತೀರ್ಪುಗಳೆಲ್ಲ ಕಂಪ್ಯೂಟರಿನಲ್ಲಿವೆ. ಹಳೆಯ ಸಂಪುಟಗಳು ಮಾತ್ರ ಇನ್ನೂ ಅದಕ್ಕೆ ಏರಿಲ್ಲ, ಇವನ ಗಾಡಿಯನ್ನೇ ಏರಬೇಕು.

ಒಂದು ಪುಸ್ತಕವನ್ನೂ ಓದದೆ ಅವನು ಕಾನೂನನ್ನು ಅರಗಿಸಿಕೊಂಡಿದ್ದ, ತೂಕದ ಮೂಲಕ. 'ತೆರಿಗೆ ಸೊಂಟ ಮುರಿಯುತ್ತೆ ಭಾವ. ಕೊಲೆ ಹಗುರ, ಒಂದೇ ಕೈಲಿ ಬರುತ್ತೆ. ಜಮೀನು ಅಂದ್ರೆ ಮೂಗಿಗೆ ಬಟ್ಟೆ ಕಟ್ಕೋಬೇಕು, ಅಷ್ಟು ಧೂಳು' ಎನ್ನುತ್ತಿದ್ದ. ನಾನು ಇದನ್ನು ನನ್ನ ಅಂಕಣದಲ್ಲಿ ಬರೆದು ನಾಲ್ಕು ಜನರನ್ನು ನಗಿಸಿದ್ದೇನೆ. ಆ ನಾಲ್ವರಲ್ಲಿ ಒಬ್ಬಳು ನನ್ನ ಹೆಂಡತಿ, ಅವನ ಅಕ್ಕ. ಅದೇ ಅಕ್ಕನ ಮೇಲ್ಮನವಿ ಒಂದು ದಿನ ಅದೇ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಮನೆಯಲ್ಲಿ ನಗು ಬಂದ್ ಆಯಿತು.

ಅವಳು ಸರ್ಕಾರಿ ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳು. ಇಬ್ಬರು ರೋಗಿಗಳ ರಕ್ತದ ಮಾದರಿ ಅದಲುಬದಲಾಯಿತೆಂದು ದೂರು ಬಂತು. ವಿಚಾರಣೆಗೆ ಹಾಜರಾಗಿ ಎಂಬ ನೋಟಿಸನ್ನು ಆಸ್ಪತ್ರೆಯವರು ನಮ್ಮ ಹಳೇ ಮನೆಯ ಬಾಗಿಲಿಗೆ ಅಂಟಿಸಿದರು. ನಾವು ಆ ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು, ಹೊಸ ವಿಳಾಸವನ್ನು ಅವಳು ಕಚೇರಿಗೆ ಬರೆದೂ ಕೊಟ್ಟಿದ್ದಳು. ನಮ್ಮ ನಂತರ ಅಲ್ಲಿಗೆ ಬಾಡಿಗೆಗೆ ಬಂದಿದ್ದ ದರ್ಜಿ, ಕರೆಂಟಿನವರ ಕಾಗದವಿರಬೇಕೆಂದು ಅದನ್ನು ಹಾಗೇ ಬಿಟ್ಟ. ಇವಳು ಹಾಜರಾಗಲಿಲ್ಲ, ಅವರು ವಜಾ ಮಾಡಿದರು. ಮನೆ ಬದಲಾಯಿಸಿದ್ದು ಯಾಕೆಂದರೆ ನನಗೆ ಬರೆಯಲು ಕಿಟಕಿಯಿರುವ ಕೋಣೆ ಬೇಕಿತ್ತು. ಹಾಗಾಗಿ ಈ ವ್ಯಾಜ್ಯದ ಮೂಲ ನನ್ನ ಹಾಸ್ಯ ಸಾಹಿತ್ಯ. ಅದರಿಂದ ಆದ ಅತಿ ದೊಡ್ಡ ಪರಿಣಾಮವೂ ಇದೇ.

ಮೊದಲ ನ್ಯಾಯಾಲಯದಲ್ಲಿ ಗೆದ್ದೆವು. ಎರಡನೆಯದರಲ್ಲಿ, ಬಾಗಿಲಿಗೆ ಅಂಟಿಸಿದರೆ ಸಾಕು ಎಂದು ನಿಯಮವಿದೆಯೆಂದು ಸೋತೆವು. ಮೂರನೆಯದು ಭಾವಮೈದನದು. ನಮ್ಮ ವಕೀಲೆ ಮೊದಲೇ ಎಚ್ಚರಿಸಿದ್ದರು: ಬಂದ ಮೇಲ್ಮನವಿಗಳನ್ನೆಲ್ಲ ಅಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ರಕ್ತ ಅದಲುಬದಲಾಯಿತೋ ಇಲ್ಲವೋ ಎಂದು ಯಾರೂ ಕೇಳುವುದೂ ಇಲ್ಲ. 'ನಿಮಗೆ ಆಗಿದ್ದು ನಾಳೆ ಬೇರೆಯವರಿಗೂ ಆಗಬಹುದಾ ಅನ್ನೋದಷ್ಟೇ ಅವರು ನೋಡೋದು' ಎಂದಿದ್ದರು.

ನನ್ನವಳ ಆಸೆ ಅದಕ್ಕಿಂತ ಚಿಕ್ಕದು. 'ಕೆಲಸ ಕೊಡ್ತಾರೋ ಬಿಡ್ತಾರೋ, ನಾನು ಬದಲಾಯಿಸಿಲ್ಲ ಅಂತ ಎದುರಿಗೆ ಕೂತಿರೋ ಒಬ್ಬರಿಗೆ ಒಂದ್ಸಲ ಹೇಳ್ಬೇಕು ರೀ. ಆರು ವರ್ಷದಿಂದ ಬಾಯಲ್ಲೇ ಇಟ್ಕೊಂಡಿದೀನಿ.' ಅದನ್ನು ನನಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. ನಾನು ಎದುರಿಗೆ ಕೂತಿರುವ ಒಬ್ಬರ ಲೆಕ್ಕಕ್ಕೆ ಬರುವುದಿಲ್ಲ.

ಮೇಲ್ಮನವಿ ಪಟ್ಟಿಗೆ ಬಂದ ದಿನವೇ ಭಾವಮೈದ ಗ್ರಂಥಪಾಲಕಿ ಮೇಡಂ ಬಳಿ ಹೋಗಿ, ಇದು ನನ್ನ ಅಕ್ಕನದು ಎಂದು ಒಪ್ಪಿಸಿದ. ಪುಸ್ತಕ ಜೋಡಿಸಲು ಅಡ್ಡಿಯಿಲ್ಲ, ಆದರೆ ಆ ದಿನ ಆ ಹಾಲ್‌ನೊಳಗೆ ಕಾಲಿಡಬೇಡ ಎಂದರು ಮೇಡಂ. ಗಾಡಿ ತಳ್ಳಲು ಎಕ್ಸ್‌ಪ್ರೆಸ್‌ಗೆ ಹೇಳಿದರು. ಎಕ್ಸ್‌ಪ್ರೆಸ್ ಎಂದರೆ ನಿವೃತ್ತಿಗೆ ಎಂಟು ತಿಂಗಳಿದ್ದ ಹಿರಿಯ ನೌಕರರು. ಅವರ ವೇಗವನ್ನು ನೋಡಿದವರು ಆ ಹೆಸರಿಟ್ಟಿದ್ದರು.

ಅಲ್ಲಿಂದ ಭಾವಮೈದ ನಮ್ಮ ಮನೆಗೆ ಬಂದರೂ ಕೇಸಿನ ಸುದ್ದಿ ಎತ್ತಲಿಲ್ಲ. ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ. ಅವನನ್ನು ನೋಡಿ ಅವಳೂ ಏಳುತ್ತಿದ್ದಳು, ಅವಳನ್ನು ನೋಡಿ ನಾನು. ಮೂವರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುವುದನ್ನು ಕಂಡ ಎದುರುಮನೆಯಾಕೆ, ಏನಾದರೂ ಕಳೆದಿದೆಯಾ ಎಂದು ಕೇಳಿದ್ದಳು.

ಮುಂದಿನದು ಅವನೇ ಆಮೇಲೆ ಹೇಳಿದ್ದು. ವಿಚಾರಣೆಯ ಹಿಂದಿನ ಸಂಜೆ ನಮ್ಮ ಮೇಲ್ಮನವಿಯ ಸಂಖ್ಯೆಯ ಎದುರು ಮೂರು ಪುಸ್ತಕಗಳ ಚೀಟಿ ಬಂತು. ಒಂದು ಹಡಗಿನ ಸರಕಿನದು, ಒಂದು ಕಾಲೇಜಿನಿಂದ ಹೊರಹಾಕಿದ ವಿದ್ಯಾರ್ಥಿಯದು, ಮತ್ತೊಂದು ಮೂಗಿಗೆ ಬಟ್ಟೆ ಕಟ್ಟಬೇಕಾದ ಜಮೀನಿನದು. ನೌಕರಿಯ ಪುಸ್ತಕ ಒಂದೂ ಇಲ್ಲ. ಯಾರೋ ಚೀಟಿ ತಪ್ಪಾಗಿ ಬರೆದಿದ್ದಾರೆ, ಅಕ್ಕನ ಫೈಲನ್ನು ಯಾರೂ ಬಿಚ್ಚಿಯೇ ನೋಡಿಲ್ಲ ಎಂದುಕೊಂಡ.

ನೌಕರಿಯ ವಿಷಯವೆಂದರೆ ಹತ್ತಕ್ಕೆ ಒಂಬತ್ತು ಸಲ ಕೇಳುವ ಹಸಿರು ರಟ್ಟಿನ ಸಂಪುಟವೊಂದಿದೆ. ಅದರ ಬೆನ್ನಿಗೆ ಇವನೇ ಎರಡು ಸಲ ಬಟ್ಟೆ ಅಂಟಿಸಿದ್ದ. ಅಷ್ಟು ಜನ ಕೇಳುವ ಪುಸ್ತಕ ಕೆಲಸ ಕಳೆದುಕೊಂಡವರ ಪಾಲಿಗೆ ಒಳ್ಳೆಯದೇ ಇರಬೇಕೆಂದು ಅವನ ನಂಬಿಕೆ. ಯಾರೂ ಕೇಳದಿದ್ದರೂ ಅದನ್ನು ತಂದು ಗಾಡಿಯ ಕೆಳಗಿನ ಹಲಗೆಯಲ್ಲಿಟ್ಟ. ಬೆಳಿಗ್ಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ನ್ಯಾಯಮೂರ್ತಿಗಳಿಗೆ ಇದನ್ನು ಓದಿ ಎಂದು ಹೇಳಲು ನಾನ್ಯಾರು? ತೆಗೆದ. ಎಕ್ಸ್‌ಪ್ರೆಸ್ ಆಗಲೇ ಗಾಡಿಯ ಹಿಡಿಕೆಗೆ ಕೈಯಿಟ್ಟು ನಿಂತಿದ್ದರಿಂದ, ಕೆಳಮಹಡಿಗೆ ಹೋಗುವಷ್ಟು ಹೊತ್ತಿಲ್ಲವೆಂದು ತನ್ನ ಮೇಜಿನ ಖಾನೆಗೆ ತುರುಕಿದ.

ಇತ್ತ ನಾವಿಬ್ಬರೂ ಹಾಲ್‌ನ ಹಿಂದಿನ ಬೆಂಚಿನಲ್ಲಿದ್ದೆವು. ಕಾಲಮೇಲೆ ಕಾಲು ಹಾಕಬಾರದು, ಕೆಮ್ಮಬಾರದು ಎಂದು ಕೇಳಿದ ಕ್ಷಣದಿಂದ ನನಗೆ ಆ ಎರಡು ಬಿಟ್ಟು ಬೇರೇನೂ ಬೇಡವೆನಿಸಿತ್ತು. ಎತ್ತರದ ಪೀಠದಲ್ಲಿ ಮೂವರು ನ್ಯಾಯಮೂರ್ತಿಗಳು. ನಮಗಿಂತ ಮೊದಲು ಒಂದು ಕೊಲೆಯ ಶಿಕ್ಷೆ, ಒಂದು ಕಾರ್ಖಾನೆಯ ತೆರಿಗೆ, ಒಂದು ಕಾಡಿನ ಗಡಿ ಬಂದುಹೋದವು. ತೆರಿಗೆಯನ್ನು ನಾಲ್ಕು ನಿಮಿಷದಲ್ಲಿ ಕಳಿಸಿದರು. ಇವಳ ಬೆರಳುಗಳು ನನ್ನ ತೋಳಿನಲ್ಲಿ ಇಳಿದಿದ್ದವು.

ನಮ್ಮದನ್ನು ಕರೆದರು. ನಮ್ಮ ವಕೀಲೆ ಎದ್ದು ಎರಡು ಮಾತಾಡುವಷ್ಟರಲ್ಲಿ ನಡುವಿನ ಹಿರಿಯ ನ್ಯಾಯಮೂರ್ತಿಗಳು, ಆ ಹಡಗು ಬಂದರು ಬಿಟ್ಟು ಎಷ್ಟು ದಿನವಾಗಿತ್ತು ಎಂದು ಕೇಳಿದರು.

'ಹಡಗು ಯಾಕ್ರೀ ಬಂತು?' ಎಂದು ಇವಳು ಪಿಸುಗುಟ್ಟಿದಳು.

ಮುಂದಿನ ಕೇಸಿನದಿರಬೇಕು ಎಂದೆ. ನಾನು ಆತ್ಮವಿಶ್ವಾಸದಿಂದ ಹೇಳಿದ್ದೆಲ್ಲ ತಪ್ಪಾಗುವುದು ರೂಢಿ. ಹಡಗು ನಮ್ಮದೇ ಆಗಿತ್ತು. ಹಡಗು ಹೊರಟುಹೋದ ಮೇಲೆ ಬಂದರಿನ ದಕ್ಕೆಯ ಕಂಬಕ್ಕೆ ನೋಟಿಸು ಅಂಟಿಸಿ ಅದರ ಸರಕು ಹರಾಜು ಹಾಕಿದ್ದರಂತೆ. ವಿದ್ಯಾರ್ಥಿಯದು ರಜೆಯಲ್ಲಿ ಬೀಗ ಹಾಕಿದ ಹಾಸ್ಟೆಲ್ ಕೋಣೆಯ ಬಾಗಿಲು. ಜಮೀನಿನವರದು ಒಂದು ಮರದ ಕಾಂಡ. ಕಂಬ, ಹಾಸ್ಟೆಲ್ಲು, ಮರ, ನಮ್ಮ ಹಳೇ ಬಾಗಿಲು ನಾಲ್ಕೂ ಒಂದೇ ಸಾಲಿನಲ್ಲಿ ಬಂದು ನಿಂತವು. ಅಂಟಿಸಿದ್ದನ್ನು ಓದುವವರು ಅಲ್ಲಿಲ್ಲ ಎಂದು ಅಂಟಿಸಿದವರಿಗೇ ಗೊತ್ತಿದ್ದರೆ ಅದು ತಿಳಿಸಿದ ಹಾಗಾಯಿತೇ? ನ್ಯಾಯಮೂರ್ತಿಗಳಿಗೆ ಬೇಕಿದ್ದ ಪ್ರಶ್ನೆ ಇಷ್ಟೇ. ಕೆಲಸವೋ ಸರಕೋ ಓದೋ ಹೊಲವೋ, ಯಾವ ಕಾನೂನಿನಡಿ ಹೋಯಿತೆಂಬುದು ಆಮೇಲಿನ ಮಾತು.

ಆಗ ಆಸ್ಪತ್ರೆಯ ವಕೀಲರು ಎದ್ದು, ನೌಕರಿಯ ವಿಷಯದಲ್ಲೇ ನೇರ ತೀರ್ಪೊಂದಿದೆ, ಬಾಗಿಲಿಗೆ ಅಂಟಿಸಿದರೆ ಸಾಕೆಂದು ಅದು ಹೇಳಿದೆ ಎಂದು ಎರಡು ಪುಟದ ನಕಲನ್ನು ಮುಂದಿಟ್ಟರು. ಹಿರಿಯರು ಅದನ್ನು ತಿರುವಿ, ಚೂರು ಬೇಡ, ಇಡೀ ಪುಸ್ತಕ ತರಿಸಿ ಎಂದರು. ಗ್ರಂಥಾಲಯಕ್ಕೆ ಚೀಟಿ ಹೋಯಿತು.

ಚೀಟಿಯಲ್ಲಿದ್ದುದು ಹಸಿರು ರಟ್ಟಿನ ಸಂಪುಟ. ಕೇಳಿದವರ ಜಾಗದಲ್ಲಿ ಆಸ್ಪತ್ರೆಯ ವಕೀಲರ ಹೆಸರು. ಆ ಹೆಸರು ಓದಿದಾಗಲೇ ಭಾವಮೈದನಿಗೆ ತಾನು ಎರಡು ಸಲ ಬೆನ್ನು ಕಟ್ಟಿದ್ದು ಯಾರ ಪುಸ್ತಕಕ್ಕೆ ಎಂದು ಹೊಳೆಯಿತು. ಮೇಡಂ ತಾವೇ ಕೆಳಗೆ ಹೋಗಿ ಕಪಾಟು ನೋಡಿ ಬಂದರು. ಜಾಗ ಖಾಲಿ. ಹಳೇ ಸಂಪುಟಗಳು ಹೀಗೆ ಎಲ್ಲೆಲ್ಲೋ ಹೋಗಿ ಕೂರುವುದು ಅಲ್ಲಿ ಹೊಸದಲ್ಲ. 'ಸಿಗ್ತಿಲ್ಲ ಅಂತ ಬರೆದು ಕಳಿಸ್ಬಿಡು, ಸಂಜೆ ಹುಡುಕಿದ್ರಾಯ್ತು' ಎಂದರು.

ಚೀಟಿಯ ಬೆನ್ನಿಗೆ ಅದಕ್ಕೆಂದೇ ಅಚ್ಚು ಹಾಕಿಸಿದ ಸಾಲಿದೆ: ಲಭ್ಯವಿಲ್ಲ. ಕೆಳಗೆ ಒಂದು ಸಹಿ ಬಿದ್ದರೆ ಮುಗಿಯಿತು. ಇವನು ಪೆನ್ನು ಹಿಡಿದು ನಿಂತ. ನಿಂತ ಎಂದು ಅವನು ಹೇಳಿದಾಗ ನಾನು ನಂಬಲಿಲ್ಲ, ಆದರೆ ನಿಂತನಂತೆ. ಮೊಣಕಾಲಿಗೆ ಖಾನೆಯ ಹಿಡಿ ಒತ್ತುತ್ತಿತ್ತು. ಹತ್ತು ನಿಮಿಷ ಅಕ್ಕನನ್ನೂ ಪುಸ್ತಕವನ್ನೂ ತೂಗಿ ನೋಡಿ, ಕೊನೆಗೆ ಖಾನೆ ಎಳೆದು, ಎಕ್ಸ್‌ಪ್ರೆಸ್ ಕೈಗೆ ಕೊಟ್ಟರೆ ಸಂಜೆಯಾದೀತೆಂದು ತಾನೇ ಓಡಿದ.

ನಾನು ಕಂಡದ್ದು ಒಂದು ಕೈ ಮಾತ್ರ. ಹಾಲ್‌ನ ಬಾಗಿಲು ಗೇಣಷ್ಟು ತೆರೆಯಿತು, ಹಸಿರು ಪುಸ್ತಕ ಹಿಡಿದ ಕೈಯೊಂದು ಒಳಗೆ ಬಂತು, ಪುಸ್ತಕವನ್ನು ಒಳಗಿನ ಸಿಬ್ಬಂದಿಗೆ ದಾಟಿಸಿತು. ಕಾಲು ಹೊಸ್ತಿಲಾಚೆಯೇ ಇತ್ತು. ಕೈಗಡಿಯಾರದ ಪಟ್ಟಿ ನೋಡಿ ಇವಳು, 'ನಮ್ಮವನೇ' ಎಂದಳು, ಏನೋ ಒಳ್ಳೆಯದನ್ನೇ ತಂದಿದ್ದಾನೆಂಬ ಧೈರ್ಯದಲ್ಲಿ.

ನ್ಯಾಯಮೂರ್ತಿಗಳು ತಲೆ ಕೂಡಿಸಿ ಓದಿದರು. ಪುಟಗಳು ಮಗುಚುವುದು ಹಿಂದಿನ ಬೆಂಚಿಗೂ ಕೇಳುತ್ತಿತ್ತು. ಓದುತ್ತ ಓದುತ್ತ ಹಿರಿಯರ ಹುಬ್ಬು ಗಂಟಾಗಿದ್ದು ಯಾರ ಮೇಲೆಂದು ತಿಳಿಯದೆ ನಾನು ಕೆಮ್ಮಿಬಿಟ್ಟೆ. ಕೊನೆಗೆ ಅವರು, 'ಆ ನೌಕರ ಅದೇ ಮನೆಯಲ್ಲಿ ವಾಸವಾಗಿದ್ದ, ನೋಟಿಸು ಓದಿ ಉತ್ತರವನ್ನೂ ಬರೆದಿದ್ದ ಅಂತ ಇದರಲ್ಲಿದೆ. ಇಲ್ಲಿ ಉತ್ತರ ಬರೆದವರು ಯಾರು?' ಎಂದು ಕೇಳಿದರು. ಆಸ್ಪತ್ರೆಯ ವಕೀಲರು ಕಾಗದಗಳನ್ನು ಸರಿಮಾಡಿಕೊಂಡರು. ತೀರ್ಪು ಕಾಯ್ದಿರಿಸಿದೆ ಎಂದು ಹೇಳಿ ಹಿರಿಯರು ಮುಂದಿನದನ್ನು ಕರೆದರು.

ಕಾಯ್ದಿರಿಸುವುದೆಂದರೆ ಅವರು ಇರಿಸುತ್ತಾರೆ, ನಾವು ಕಾಯುತ್ತೇವೆ. ಏಳು ವಾರ. ಭಾವಮೈದ ಬರುವುದನ್ನೇ ನಿಲ್ಲಿಸಿದ್ದ. ಇವಳಿಗೆ ಅವನ ಮೇಲೆ ಸಿಟ್ಟು, ನನ್ನ ಮೇಲೆ ಅಭ್ಯಾಸ.

ಎಂಟನೇ ವಾರ ತೀರ್ಪು ಬಂತು. ಬಿಟ್ಟ ಮನೆಯೆಂದು ಗೊತ್ತಿದ್ದೂ ಅದರ ಬಾಗಿಲಿಗೆ ಅಂಟಿಸಿದ್ದು ನೋಟಿಸಲ್ಲ, ವಜಾ ರದ್ದು, ಆಸ್ಪತ್ರೆಯವರು ಮೂರು ತಿಂಗಳೊಳಗೆ ಆಕೆಯ ಮಾತು ಕೇಳಿ ಹೊಸದಾಗಿ ತೀರ್ಮಾನಿಸಲಿ. ಗೆದ್ದೆವೋ ಎಂದು ನಾನು ವಕೀಲೆಯನ್ನು ಎರಡು ಸಲ ಕೇಳಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಅಲ್ಲಿ ಹೇಳಿಲ್ಲ, ಮಾತಾಡುವ ಹಕ್ಕು ಗೆದ್ದಿದ್ದೀರಿ ಎಂದರು.

ಆ ಸಂಜೆ ಭಾವಮೈದ ಬಂದ. ಬಾಗಿಲಲ್ಲೇ ನಿಂತು ಚೀಟಿ, ಖಾನೆ, ಪೆನ್ನು ಎಲ್ಲವನ್ನೂ ಒಪ್ಪಿಸಿದ. 'ಹತ್ತು ನಿಮಿಷ ಅಕ್ಕ. ಇಲ್ಲ ಅಂತ ಬರೆಯೋಣ ಅಂತಲೇ ಇದ್ದೆ. ಮೇಡಂಗೂ ಇವತ್ತು ಹೇಳ್ದೆ, ಬೈದ್ರು.'

ಇವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. 'ನಂಗೆ ಬಾಗಿಲಿಗಾದ್ರೂ ಅಂಟಿಸಿದ್ರು ಕಣೋ. ಆ ವಕೀಲರಿಗೆ ನೀನು ಅಷ್ಟೂ ಮಾಡ್ತಿರ್ಲಿಲ್ಲ.'

'ತಂದುಕೊಟ್ನಲ್ಲ ಅಕ್ಕ.'

'ಅದಕ್ಕೇ ಒಳಗೆ ಬಾ ಅಂತಿದೀನಿ.'

ವಿಚಾರಣೆಯ ನೋಟಿಸು ಈ ಸಲ ಅಂಚೆಯಲ್ಲಿ ಬಂತು, ಆಳಿನ ಕೈಯಲ್ಲಿ ಬಂತು, ಬಾಗಿಲಿಗೂ ಬಂತು. ಹಳೇ ಮನೆಗೂ ಒಂದು ಅಂಟಿಸಿದ್ದರು. ದರ್ಜಿ ಅದನ್ನು ಕಿತ್ತುಕೊಂಡು ಓಡಿ ಬಂದ.

ಆಸ್ಪತ್ರೆಯ ಎರಡನೇ ಮಹಡಿಯ ಕೋಣೆಗೆ ಇವಳು ಹೋದಾಗ ಬಾಗಿಲು ಹಾಕಿಕೊಂಡರು. ನಾನು ಬೆಂಚಿನ ಮೇಲೆ. ಭಾವಮೈದ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ, ಕೈಗಳು ಮುಂದಕ್ಕೆ, ಇಲ್ಲದ ಗಾಡಿಯನ್ನು ತಳ್ಳುವಂತೆ. ಒಳಗೆ ಯಾರೋ ಏನೋ ಕೇಳಿದರು. ಆಮೇಲೆ ಇವಳ ದನಿ. ಮೊದಲು ಸಣ್ಣಗೆ, ಆಮೇಲೆ ನಮ್ಮ ಮನೆಯಲ್ಲಿ ಕೇಳುವಷ್ಟೇ ದೊಡ್ಡದಾಗಿ: ಆ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಬಂದೆ, ಯಾವ ಸೀಸೆಯ ಮುಚ್ಚಳ ಯಾವ ಬಣ್ಣದ್ದು, ಚೀಟಿ ಯಾರು ಅಂಟಿಸಿದರು. ಆರು ವರ್ಷದಿಂದ ನಾನು ಬಾಯಿಪಾಠ ಮಾಡಿದ್ದ ಮಾತುಗಳು. ನಡುವೆ ಯಾರೋ ತಡೆಯಲು ಹೋದರು. ತಾಳಿ, ಇನ್ನೂ ಮುಗಿದಿಲ್ಲ ಎಂದಳು.