ನೀರು ಬೇಡವೆಂದು ಮಾಡಿದ ಜಗಳ

ಮೈದುನನ ಗದ್ದೆ ಮೇಲೆ, ನನ್ನದು ಕೆಳಗೆ. ಕಾಲುವೆ ನೀರು ಮೊದಲು ಅವನ ಮಡಿಗಳಿಗೆ ಇಳಿದು, ಅವನಿಗೆ ಮನಸ್ಸು ಬಂದರೆ ನನ್ನದಕ್ಕೆ ಬರುತ್ತದೆ. ಮದುವೆಯಾಗಿ ಸುರಪುರದ ಈ ಸೀಮೆಗೆ ಬಂದಾಗಿನಿಂದ ಅವನ ಬದುವಿನ ಮೇಲೆ ನಿಂತು ನೀರಿಗಾಗಿ ಬಾಯಿ ಮಾಡಿದವಳು ನಾನು. ಬೇಡವೆಂದು ಬಾಯಿ ಮಾಡಿದ್ದು ಹೋದ ವರ್ಷ, ಒಂದೇ ಸಲ.

ಕಾರ್ಬನ್ ಕಂಪನಿಯ ಹುಡುಗಿಯೊಬ್ಬಳು ಬಂದು ನನ್ನ ಗದ್ದೆಯಲ್ಲಿ ತೂತಿನ ಪ್ಲಾಸ್ಟಿಕ್ ಪೈಪು ಹೂಳಿಸಿದ್ದಳು. ಭತ್ತಕ್ಕೆ ಸದಾ ನೀರು ನಿಲ್ಲಿಸಿದರೆ ಕೆಸರಿನಿಂದ ಕೆಟ್ಟ ಗಾಳಿ ಏಳುತ್ತದಂತೆ. ಪೈಪಿನೊಳಗಿನ ನೀರು ಗೇಣುದ್ದ ಇಳಿದ ಮೇಲೆ ಮತ್ತೆ ನೀರು ಬಿಟ್ಟರೆ ಆ ಗಾಳಿ ಕಡಿಮೆ. ಕಡಿಮೆಯಾದಷ್ಟನ್ನು ಎಲ್ಲಿಯದೋ ಕಾರ್ಖಾನೆ ತನ್ನ ಹೊಗೆಗೆ ಸರಿದೂಗಿಸಲು ಕೊಂಡುಕೊಳ್ಳುತ್ತದೆ, ರೊಕ್ಕ ನಮಗೆ. ಹೊಗೆ ಅವರದು, ಉಪವಾಸ ನನ್ನ ಭತ್ತದ್ದು. ಇರಲಿ, ಕಳೆ ತೆಗೆಸುವ ಕೂಲಿಯಾದರೂ ಹುಟ್ಟೀತೆಂದು ಸಹಿ ಮಾಡಿದೆ. ಸೋಮವಾರ ಹುಡುಗಿ ಬಂದು ಪೈಪಿನ ಫೋಟೊ ತೆಗೆಯುವವಳಿದ್ದಳು. ನೀರು ಕಂಡರೆ ಈ ಬೆಳೆಗೆ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕುತ್ತಾರೆ.

ಮೈದುನನಿಗೆ ಇದೇನೂ ಹೇಳಲಿಲ್ಲ. ಹೇಳಿದರೆ ತನಗೂ ಬೇಕೆನ್ನುತ್ತಿದ್ದ. ಪೈಪು ಇಲಿ ಹಿಡಿಯಲು ಎಂದಿದ್ದೆ.

"ಸೋಮವಾರದ ತನಕ ನನ್ನ ಗದ್ದಿಗೆ ನೀರು ಬಿಡಬ್ಯಾಡ," ಅಂದೆ.

"ವೈನಿ, ಜ್ವರ ಬಂದಾವೇನ್ರಿ?"

"ಬ್ಯಾಡ ಅಂದ್ರ ಬ್ಯಾಡ. ನಿನ್ನ ಹಂಗು ಸಾಕಾಗ್ಯದ ನನಗ."

ಕೊನೆಯ ಮಾತು ಬೇಕಾಗಿರಲಿಲ್ಲ. ನನಗೆ ಬೇಜಾರಾಗಿದೆ ಎಂದು ಅವನೂ ಅವನ ಹೆಂಡತಿಯೂ ಮಾತಾಡಿಕೊಂಡರಂತೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆ ಕೆರೆಯಾಗಿತ್ತು. ಅವನು ಸಲಿಕೆ ಹಿಡಿದು ನಗುತ್ತ ನಿಂತಿದ್ದ.

"ಸಿಟ್ಟು ಬಿಡ್ರಿ ವೈನಿ. ನನ್ನ ಪಾಳಿ ನೀರೆಲ್ಲಾ ನಿಮಗ ಬಿಟ್ಟೀನಿ."

ಇಷ್ಟು ವರ್ಷದಲ್ಲಿ ಕಾಣದ ಧಾರಾಳ ಅಂದೇ ಬಂದಿತ್ತು. ಹುಡುಗಿ ಬರುವಾಗ ನಾನು ಕೆಸರಲ್ಲಿ ಕೂತು ಚಹಾದ ಲೋಟದಿಂದ ಪೈಪಿನ ನೀರು ಮೊಗೆಯುತ್ತಿದ್ದೆ.

"ಅಜ್ಜಿ, ತೂತು ಅದಾವಲ್ರಿ. ತಗದಷ್ಟು ಬರ್ತದ."

"ಇದು ನಂದಲ್ಲವ್ವ, ಇವನ ನೀರು."

"ಯಾರ ನೀರಂತ ಪೈಪಿಗಿ ತಿಳಿಯಂಗಿಲ್ರಿ," ಎಂದು ಫೋಟೊ ತೆಗೆದು ನನ್ನ ಹೆಸರು ಹೊಡೆದುಹಾಕಿದಳು.

"ಇಲಿ ಪೈಪಿನ ಫೋಟೊ ಯಾಕ?" ಎಂದ ಮೈದುನ. ಆಗ ಎಲ್ಲ ಹೇಳಬೇಕಾಯಿತು. ಅವನು ಬದುವಿನ ಮೇಲೆ ಕೂತು ನಕ್ಕ. ಮೇಲಿನ ಗದ್ದೆಯೂ ಈ ಯೋಜನೆಗೆ ಸೇರದೆ ಕೆಳಗಿನದು ಆರುವುದಿಲ್ಲ ಎಂದಳು ಹುಡುಗಿ.

"ಮೊದಲ ಹೇಳಬಾರದೇನ್ರಿ ವೈನಿ? ನಿಮಗ ನೀರು ಬಿಡದ ಇರೋದು ನನಗ ಯಾರರ ಕಲಿಸಬೇಕೇನು?"

ಸುಳ್ಳಲ್ಲ. ಮುಂದಿನ ಬೆಳೆಗೆ ಅವನಿಗೂ ಒಂದು ಪೈಪು ತಾ ಎಂದು ಹುಡುಗಿಗೆ ನಾನೇ ಹೇಳಿದೆ.