ನೀರು ಕೇಳಿದ್ದು ಕೇಳಿಸಿತ್ತು

ಬೆಳಗಿನ ಐದೂವರೆ. ಅಮೆರಿಕದ ಒಕ್ಲಹೋಮದ ಡನ್‌ಮೋರ್ ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿ ಅರವತ್ತಮೂರರ ವೆಂಡೆಲ್ ಹಾಸ್ಕಿನ್ಸ್ ಬಿಳಿ ಗೆರೆ ಎಳೆಯುವ ಗಾಡಿ ತಳ್ಳುತ್ತಿದ್ದಾರೆ. ಐದು ಗಜಕ್ಕೊಂದು ಗೆರೆ. ಅದಾದ ಮೇಲೆ ಆಟಗಾರರ ಎಪ್ಪತ್ತು ಹೆಲ್ಮೆಟ್ ಒರೆಸಬೇಕು, ಹನ್ನೆರಡು ಡ್ರಮ್ಮು ನೀರು ತುಂಬಿಸಬೇಕು. ಏಳಕ್ಕೆ ಹುಡುಗರು ಬರುವಷ್ಟರಲ್ಲಿ ವೆಂಡೆಲ್ ಅಲ್ಲಿರುವುದಿಲ್ಲ. "ಅವರ ಕಣ್ಣಿಗೆ ಬೀಳೋಕೆ ಮುಖ ಇಲ್ಲ" ಎನ್ನುತ್ತಾರೆ.

ಒಂದು ಕಾಲಕ್ಕೆ ಇವರು ಕಾಲೇಜು ತಂಡದ ಮುಖ್ಯ ತರಬೇತುದಾರ. ಮೂವತ್ತು ಸಾವಿರ ಜನ ಎದ್ದು ನಿಂತು ಇವರಿಗೆ ಚಪ್ಪಾಳೆ ತಟ್ಟಿದ್ದಾರೆ. ಹನ್ನೆರಡು ವರ್ಷದ ಹಿಂದೆ, ಆಗಸ್ಟಿನ ಸುಡುಬಿಸಿಲಲ್ಲಿ, ಆಟದಲ್ಲಿ ತಪ್ಪಿದ್ದಕ್ಕೆಂದು ತಂಡವನ್ನು ನೀರಿಲ್ಲದೆ ಓಡಿಸಿದರು. ಹತ್ತೊಂಬತ್ತರ ಡೆಮೆಟ್ರಿಯಸ್ ಪ್ಯೂ ಕುಸಿದು ಬಿದ್ದ. ಜೀವ ಉಳಿಯಿತು, ಮೂತ್ರಪಿಂಡ ಉಳಿಯಲಿಲ್ಲ. ಈಗಲೂ ವಾರಕ್ಕೆ ಮೂರು ಸಲ ಡಯಾಲಿಸಿಸ್. "ಯಾರೂ ನೀರು ಕೇಳಲಿಲ್ಲ" ಎಂದು ವೆಂಡೆಲ್ ವಿಚಾರಣೆಯಲ್ಲಿ ಹೇಳಿದರು. ಕೇಳಿದ್ದೆ ಎಂದ ಡೆಮೆಟ್ರಿಯಸ್. ಕೆಲಸವೇನೋ ಹೋಯಿತು. ಆದರೆ ಊರು ನಂಬಿದ್ದು ಅವರನ್ನೇ.

ಈ ವಸಂತದಲ್ಲಿ ಹೈಸ್ಕೂಲಿನ ತರಬೇತುದಾರ ನಿವೃತ್ತರಾದಾಗ ಮುಖ್ಯೋಪಾಧ್ಯಾಯಿನಿ ಲೊರೆಟಾ ಆ ಹುದ್ದೆಗೆ ಇವರನ್ನು ಕರೆದರು. "ಹನ್ನೆರಡು ವರ್ಷ ಆಯ್ತಲ್ರೀ, ಇನ್ನೂ ಎಷ್ಟು ದಿನ ಗೆರೆ ಎಳೀತೀರಿ? ಊರೇ ನಿಮ್ಮ ಪರ ಇದೆ."

"ಆಸೆ ಆಯ್ತು. ಆಸೆಪಟ್ಟೆನಲ್ಲ ಅಂತ ನಾಚಿಕೆನೂ ಆಯ್ತು" ಎನ್ನುತ್ತಾರೆ ವೆಂಡೆಲ್. ಅದೇ ಸಂಜೆ ಡೆಮೆಟ್ರಿಯಸ್ ಮನೆಗೆ ಹೋದರು. ಜಗಲಿಯಲ್ಲಿದ್ದ ಡೆಮೆಟ್ರಿಯಸ್ ಕೂತ್ಕೊಳ್ಳಿ ಎನ್ನಲಿಲ್ಲ.

"ಕ್ಷಮಿಸಿದೀನಿ ಅಂತ ನನ್ನ ಬಾಯಲ್ಲಿ ಹೇಳಿಸಿ ಕೆಲಸಕ್ಕೆ ಸೇರೋಣ ಅಂತ ಬಂದ್ರಾ?"

"ಹೂಂ. ಹಾಗೇ ಅನ್ಸುತ್ತೆ."

"ಅವತ್ತು ನಾನು ನೀರು ಕೇಳಿದ್ದು ನಿಮಗೆ ಕೇಳಿಸ್ತಾ, ಇಲ್ವಾ? ನನಗೆ ಹೇಳೋದು ಬೇಡ, ನನಗೆ ಗೊತ್ತು. ಊರಿಗೆ ಹೇಳಿ. ಸುಳ್ಳುಗಾರನ ತಾಯಿ ಅಂತ ನಮ್ಮಮ್ಮನ ಪಕ್ಕ ಚರ್ಚಲ್ಲಿ ಯಾರೂ ಕೂರಲ್ಲ."

ಶಾಲಾ ಮಂಡಳಿಯ ಸಭೆಗೆ ಇನ್ನೂರು ಜನ ಸೇರಿದ್ದರು. ವೆಂಡೆಲ್ ಎದ್ದು ನಿಂತರು. "ಅವನು ಮೂರು ಸಲ ನೀರು ಕೇಳ್ದ. ನನಗೆ ಕೇಳಿಸ್ತು. 'ಹೋಗಿ ನಿಮ್ಮಜ್ಜೀನ ಕೇಳು' ಅಂತ ನಕ್ಕೆ. ಸುಳ್ಳು ಹೇಳಿದ್ದು ನಾನು, ಅವನಲ್ಲ."

ಕ್ಷೌರದಂಗಡಿಯ ಹಾಲಿಸ್ ತಡೆಯಲಾರದೆ ಕೂಗಿದ: "ಇಷ್ಟು ವರ್ಷ ನಿನ್ನ ಪರ ಕಂಡಕಂಡೋರ ಜೊತೆ ಜಗಳ ಆಡಿದ್ನಲ್ಲೋ!" ಮಂಡಳಿಯ ಏಳು ಸದಸ್ಯರಲ್ಲಿ ಏಳೂ ಮಂದಿ ಇವರಿಗೆ ಆ ಹುದ್ದೆ ಬೇಡವೆಂದು ಕೈ ಎತ್ತಿದರು. ಹಿಂದಿನ ಸಾಲಿನಲ್ಲಿದ್ದ ಡೆಮೆಟ್ರಿಯಸ್ ಎದ್ದು ಹೋದ. ಮರುದಿನ ಅವನ ತಾಯಿಗೆ ಚರ್ಚಿನ ಮೂವರು ಹೆಂಗಸರು ಫೋನ್ ಮಾಡಿದರಂತೆ.

ಮೈದಾನದ ಕೆಲಸವನ್ನು ಶಾಲೆ ಕಸಿದುಕೊಳ್ಳಲಿಲ್ಲ. ಇನ್ನೊಂದು ಅವಕಾಶಕ್ಕೆ ನೀವು ಅರ್ಹರೇ ಎಂದು ಕೇಳಿದರೆ ವೆಂಡೆಲ್ ತಲೆ ಎತ್ತುವುದಿಲ್ಲ.

"ಇಲ್ಲ. ಮಂಡಳಿಯೋರು ಮಾಡಿದ್ದೇ ಸರಿ. ಒಂದೇ ಒಂದು ಆಸೆ ಇದೆ. ಪೆಟ್ರೋಲ್ ಬಂಕಲ್ಲಿ, ಅಂಗಡೀಲಿ ಜನ ಈಗಲೂ 'ಕೋಚ್' ಅಂತ ಕೂಗ್ತಾರೆ. ಅಭ್ಯಾಸ, ಪಾಪ. ಅದನ್ನ ಬಿಟ್ಟು ವೆಂಡೆಲ್ ಅಂದ್ರೆ ಸಾಕು, ಸರ‍್ರನೆ ತಿರುಗಿ ನೋಡ್ತೀನಿ."